ಗಣಕದೊಳಗೊಂದು ಗಣಕ: ಅಪ್ಪಣೆ ಯಾರದು?



ಗುಮ್ಮಳಾಪುರ ನಮ್ಮೂರು. ಹೊಸೂರಿನಿಂದ ತಳಿಗೆ ಬಂದು, ಅಲ್ಲಿಂದ ಮುಂದೆ ಬರಬೇಕು. ಜಿಲ್ಲೆ ಕೃಷ್ಣಗಿರಿ, ರಾಜ್ಯ ತಮಿಳುನಾಡು, ಮನೆಯ ಮಾತು ಕನ್ನಡ. ಇಲ್ಲಿ ನಾನೊಂದು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಪಟ್ಟಾ ಪ್ರತಿ, ಚಿಟ್ಟಾ ಪ್ರತಿ, ರೇಷನ್ ಕಾರ್ಡಿನ ತಿದ್ದುಪಡಿ, ಮಕ್ಕಳ ವಿದ್ಯಾರ್ಥಿವೇತನದ ಅರ್ಜಿ, ಹೀಗೆ ದಿನವಿಡೀ ಗಣಕದ ಮುಂದೆ ಕೂರುವ ಕೆಲಸ. ಆದ್ದರಿಂದ ಗಣಕದ ವಿಚಾರ ಏನೇ ಇದ್ದರೂ ಊರಿನವರು ನನ್ನ ಬಳಿಗೇ ಬರುತ್ತಾರೆ. ಗೊತ್ತಿದ್ದದ್ದನ್ನು ಹೇಳುತ್ತೇನೆ, ಗೊತ್ತಿಲ್ಲದ್ದನ್ನು ತಿಳಿದವರಲ್ಲಿ ಕೇಳಿಕೊಳ್ಳುತ್ತೇನೆ. ಹಾಗೆ ಕೇಳಿ ತಿಳಿದ ಒಂದು ಸಂಗತಿಯನ್ನು ಇವತ್ತು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ. ವಿಷಯ ಪಟ್ಟಣದವರದ್ದು ಎಂದು ರೇಡಿಯೋ ಮುಚ್ಚಬೇಡಿ. ಇದು ನಮ್ಮ ಬೀಸುವ ಪದಗಳಿಗೆ ಸಂಬಂಧಪಟ್ಟ ವಿಷಯವೂ ಹೌದು.

ಒಂದು ಚಳಿಗಾಲದ ಸಂಜೆ. ಅಂಗಡಿ ಮುಚ್ಚುವ ಹೊತ್ತಿಗೆ ನಿವೃತ್ತ ಮೇಷ್ಟರೊಬ್ಬರು ಬಂದರು. ನಮ್ಮ ಭಾಗದ ಕನ್ನಡ ಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತರಾದವರು, ನನಗೂ ಮೂರನೆಯ ತರಗತಿಯಲ್ಲಿ ಪಾಠ ಹೇಳಿದವರು. ಕೈಯಲ್ಲಿ ಒಂದು ಸೀಡಿ. ಅದರ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದದ್ದು: ‘ಪದಗಳು, 2003’.

ಅದರ ಕತೆ ಹೀಗಿದೆ. ಮೇಷ್ಟರ ತಾಯಿಗೆ ನೂರಾರು ಪದಗಳು ಬಾಯಿಗೆ ಬರುತ್ತಿದ್ದವು. ರಾಗಿ ಬೀಸುವಾಗಿನ ಪದ, ಸೋಬಾನೆ ಪದ, ಕೂಸು ತೂಗುವ ಪದ. ನಮ್ಮ ಗಡಿಸೀಮೆಯ ಪದಗಳಲ್ಲವೇ, ನಡುನಡುವೆ ತೆಲುಗಿನ ಮಾತು, ತಮಿಳಿನ ಮಾತು ತಾನಾಗಿ ಬಂದು ಸೇರಿಕೊಂಡಿರುತ್ತದೆ. ಮೇಷ್ಟರು ಅವನ್ನು ತಾಯಿಯಿಂದಲೂ ಸುತ್ತಿನ ಹಳ್ಳಿಗಳ ಹೆಂಗಸರಿಂದಲೂ ಕೇಳಿ ಬರೆದುಕೊಂಡರು. 2003ರಲ್ಲಿ ಹೊಸೂರಿನ ಒಂದು ಡಿಟಿಪಿ ಅಂಗಡಿಯಲ್ಲಿ ಅಚ್ಚಿಗೆ ಸಿದ್ಧಮಾಡಿಸಿದರು. ಅಷ್ಟರಲ್ಲಿ ಕೈಯಲ್ಲಿದ್ದ ದುಡ್ಡು ಮಗಳ ಮದುವೆಗೆ ಹೋಯಿತು. ಪುಸ್ತಕ ಅಚ್ಚಾಗಲಿಲ್ಲ. ಡಿಟಿಪಿ ಅಂಗಡಿಯವರು ಸೀಡಿ ಕೊಟ್ಟು ಕಳಿಸಿದರು. ಕೆಲವು ವರ್ಷಗಳ ಮೇಲೆ ಆ ಅಂಗಡಿಯೂ ಮುಚ್ಚಿತು, ತಾಯಿಯೂ ತೀರಿಕೊಂಡರು. ಬರೆದಿಟ್ಟ ನೋಟುಪುಸ್ತಕಗಳು ಮಳೆಗಾಲದಲ್ಲಿ ಮನೆ ಸೋರಿ ಹಾಳಾದವು. ಉಳಿದದ್ದು ಈ ಒಂದು ಸೀಡಿ.

“ಇದನ್ನ ತೆಗೆದುಕೊಡಪ್ಪ, ಮೊಮ್ಮಗಳು ಓದಬೇಕು ಅಂತಾಳೆ” ಎಂದರು.

ಸೀಡಿ ಓದುವ ಪೆಟ್ಟಿಗೆ ಹುಡುಕಿ ಹಾಕಿದೆ. ಕಡತಗಳು ಕಂಡವು, ತೆರೆಯಲಿಲ್ಲ. ಅವೆಲ್ಲ ಪೇಜ್‌ಮೇಕರ್ ಎಂಬ ತಂತ್ರಾಂಶದಲ್ಲಿ ಮಾಡಿದವು. ಒಂದು ಕಾಲಕ್ಕೆ ಕನ್ನಡದ ಮದುವೆ ಕಾಗದದಿಂದ ಹಿಡಿದು ಪತ್ರಿಕೆಯ ಪುಟದವರೆಗೆ ಎಷ್ಟೋ ಕೆಲಸ ನಡೆದದ್ದು ಅದರಲ್ಲೇ. ಅದರ ಕಡೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಆಮೇಲೆ ಅದನ್ನು ಮುಂದುವರಿಸಲಿಲ್ಲ. ಅದು ಸಲೀಸಾಗಿ ನಡೆಯುತ್ತಿದ್ದುದು ವಿಂಡೋಸ್ 98, ವಿಂಡೋಸ್ ಎಕ್ಸ್‌ಪಿಯಂಥ ಆ ಕಾಲದ ವ್ಯವಸ್ಥೆಗಳಲ್ಲಿ. ನನ್ನ ಅಂಗಡಿಯಲ್ಲಿರುವುದು ವಿಂಡೋಸ್ 11.

ಆ ವಾರ ಬೆಂಗಳೂರಿನಿಂದ ನನ್ನ ಅಕ್ಕನ ಮಗ ಬಂದಿದ್ದ. ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ವಿಷಯ ಕೇಳಿ ನಕ್ಕ. “ಇಷ್ಟೇನಾ ಮಾವ? ನಿಮ್ಮ ಗಣಕದೊಳಗೇ ಒಂದು ವರ್ಚುಯಲ್ ಮೆಷಿನ್ ಮಾಡಿ, ಅದರೊಳಗೆ ಎಕ್ಸ್‌ಪಿ ಹಾಕಿದರೆ ಆಯಿತು” ಎಂದ.

ಶ್ರೋತೃಗಳೇ, ಈ ವರ್ಚುಯಲ್ ಮೆಷಿನ್ ಎಂದರೇನು ಎಂದು ಮೊದಲು ಹೇಳಿಬಿಡುತ್ತೇನೆ. ಗಣಕವೆಂದರೆ ಕಬ್ಬಿಣ, ತಾಮ್ರ, ಪ್ಲಾಸ್ಟಿಕ್ಕಿನ ಪೆಟ್ಟಿಗೆ. ಆ ಪೆಟ್ಟಿಗೆಯನ್ನು ಆಳುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಂ, ಅಂದರೆ ಕಾರ್ಯಾಚರಣ ವ್ಯವಸ್ಥೆ ಎಂದು ಹೆಸರು. ವಿಂಡೋಸ್, ಲಿನಕ್ಸ್, ಮ್ಯಾಕ್ ಓಎಸ್ ಎಲ್ಲ ಈ ಜಾತಿಯವು. ಸಾಮಾನ್ಯವಾಗಿ ಒಂದು ಹೊತ್ತಿಗೆ ಒಂದು ಪೆಟ್ಟಿಗೆಯನ್ನು ಒಂದು ವ್ಯವಸ್ಥೆ ಆಳುತ್ತದೆ. ಆದರೆ ಪೆಟ್ಟಿಗೆಗೆ ಶಕ್ತಿ ಹೆಚ್ಚಿದ್ದರೆ ಅದರೊಳಗೆ ಇನ್ನೊಂದು ಪೆಟ್ಟಿಗೆ ಇರುವಂತೆ ತಂತ್ರಾಂಶದಿಂದಲೇ ನಟಿಸಬಹುದು. ಒಳಗಿನ ವ್ಯವಸ್ಥೆಗೆ ತಾನು ಸ್ವತಂತ್ರವಾದ ಗಣಕದ ಮೇಲೆ ಕೂತಿದ್ದೇನೆ ಎಂದೇ ಭ್ರಮೆ. ಒಂದೇ ಮನೆಯೊಳಗೆ ಗೋಡೆ ಎಬ್ಬಿಸಿ, ಬೇರೆ ಬಾಗಿಲು, ಬೇರೆ ಒಲೆ ಮಾಡಿಕೊಟ್ಟ ಹಾಗೆ.

ಇದು ಹೊಸ ವಿದ್ಯೆಯಲ್ಲ. ಐಬಿಎಂ ಕಂಪನಿ ತನ್ನ ದೊಡ್ಡ ಗಣಕಗಳಿಗಾಗಿ 1972ರಲ್ಲೇ ವಿಎಂ/370 ಎಂಬ ಇಂಥ ವ್ಯವಸ್ಥೆಯನ್ನು ಹೊರಕ್ಕೆ ತಂದಿತ್ತು. ಮೇಜಿನ ಮೇಲಿನ ಸಣ್ಣ ಗಣಕಗಳಲ್ಲಿ ಇದನ್ನು ಮಾಡಿ ತೋರಿಸಿದ್ದು ಅಮೆರಿಕದ ವಿಎಂವೇರ್ ಕಂಪನಿ, 1999ರಲ್ಲಿ. ಜರ್ಮನಿಯ ಇನ್ನೋಟೆಕ್ ಎಂಬ ಕಂಪನಿ 2007ರಲ್ಲಿ ವರ್ಚುಯಲ್‌ಬಾಕ್ಸ್ ಎಂಬ ತಂತ್ರಾಂಶವನ್ನು ಎಲ್ಲರಿಗೂ ಮುಕ್ತವಾಗಿ ಕೊಟ್ಟಿತು. ಅದು ಈಗ ಒರಾಕಲ್ ಕಂಪನಿಯ ಕೈಯಲ್ಲಿದೆ. ಅಂತೂ ಇವತ್ತು ನನ್ನಂಥ ಅಂಗಡಿಯವನೂ ಅರ್ಧ ಗಂಟೆಯಲ್ಲಿ ಗಣಕದೊಳಗೊಂದು ಗಣಕವನ್ನು ಹೂಡಬಹುದು.

ಹೂಡಿದೆವು. ಒಳಗಿನ ಖಾಲಿ ಪೆಟ್ಟಿಗೆ ಸಿದ್ಧವಾಯಿತು. ಅದಕ್ಕೆ ಹಾಕಲು ಎಕ್ಸ್‌ಪಿ ಎಲ್ಲಿಂದ ತರುವುದು? ಅಟ್ಟದ ಮೇಲೆ ನನ್ನ ಹಳೆಯ ಗಣಕವೊಂದು ಕೆಟ್ಟು ಬಿದ್ದಿತ್ತು. ಅದರ ಬೆನ್ನಿಗೆ ಎಕ್ಸ್‌ಪಿಯ ಅಂಕಿ-ಅಕ್ಷರಗಳ ಚೀಟಿ ಇನ್ನೂ ಅಂಟಿಕೊಂಡಿತ್ತು. “ದುಡ್ಡು ಕೊಟ್ಟು ತಂದದ್ದು, ಇದನ್ನೇ ಹಾಕೋಣ” ಎಂದೆ.

ಅಕ್ಕನ ಮಗ ಆ ಚೀಟಿಯನ್ನು ಹತ್ತಿರದಿಂದ ನೋಡಿ ತಲೆಯಾಡಿಸಿದ. “ಇದು ಆಗಲ್ಲ ಮಾವ. ಇದು ಪೆಟ್ಟಿಗೆ ಜೊತೆಗೆ ಬಂದ ಲೈಸೆನ್ಸು. ಆ ಪೆಟ್ಟಿಗೆಗೆ ಮಾತ್ರ.”

ಇಲ್ಲಿಂದ ಮುಂದೆ ನಾನು ಕಲಿತದ್ದು ಶುರುವಾಗುತ್ತದೆ.

ನಾವು ಅಂಗಡಿಯಲ್ಲಿ ವಿಂಡೋಸ್ ಕೊಂಡೆವು ಎನ್ನುತ್ತೇವೆ. ಹೊಲ ಕೊಂಡರೆ ಕ್ರಯಪತ್ರವಾಗುತ್ತದೆ. ಆ ಹೊಲದಲ್ಲಿ ರಾಗಿ ಹಾಕಬಹುದು, ಗುಲಾಬಿ ಹಾಕಬಹುದು, ಬೀಳು ಬಿಡಬಹುದು. ವಿಂಡೋಸಿನಲ್ಲಿ ಆಗುವುದು ಕ್ರಯವಲ್ಲ, ಕರಾರು. ಹೊಲ ಅವರದೇ, ಉಳುವ ಅಪ್ಪಣೆ ಮಾತ್ರ ನಮ್ಮದು. ಎಷ್ಟು ಎಕರೆ, ಯಾರು, ಯಾವ ಬೆಳೆ ಎಂಬುದನ್ನೆಲ್ಲ ಕರಾರಿನಲ್ಲಿ ಬರೆದಿರುತ್ತಾರೆ. ಗಣಕವನ್ನು ಮೊದಲ ಸಲ ಹಚ್ಚಿದಾಗ ಉದ್ದನೆಯ ಬರಹ ಬಂದು, ಕೆಳಗೆ ‘ಒಪ್ಪಿದ್ದೇನೆ’ ಎಂಬ ಗುಂಡಿ ಇರುತ್ತದಲ್ಲ, ಅದೇ ಆ ಕರಾರು. ನಾವು ಓದದೆ ಒತ್ತುತ್ತೇವೆ. ನಾನೂ ಇಪ್ಪತ್ತು ವರ್ಷ ಓದದೆಯೇ ಒತ್ತಿದವನು.

ಈ ಕರಾರುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಹೊಸ ಗಣಕದ ಜೊತೆಗೇ ಬರುವ ವಿಂಡೋಸಿನ ಅಪ್ಪಣೆ ಆ ಗಣಕಕ್ಕೆ ಗಂಟುಬಿದ್ದಿರುತ್ತದೆ. ಗಣಕವನ್ನು ಇನ್ನೊಬ್ಬರಿಗೆ ಕೊಟ್ಟರೆ ಅಪ್ಪಣೆಯೂ ಜೊತೆಗೆ ಹೋಗುತ್ತದೆ. ಗಣಕ ಸತ್ತರೆ ಅಪ್ಪಣೆಯೂ ಅದರ ಜೊತೆಗೇ. ಅಂಗಡಿಯಲ್ಲಿ ಬೇರೆ ಡಬ್ಬಿಯಾಗಿ ಮಾರುತ್ತಿದ್ದ ವಿಂಡೋಸ್ ಇನ್ನೊಂದು ಬಗೆ. ಅದನ್ನು ಒಂದು ಗಣಕದಿಂದ ಪೂರ್ತಿ ತೆಗೆದು ಇನ್ನೊಂದಕ್ಕೆ ಹಾಕಿಕೊಳ್ಳಬಹುದು. ನಮ್ಮ ಕಡೆ ಡಬ್ಬಿ ಕೊಂಡವರು ಯಾರಿದ್ದಾರೆ? ಎಲ್ಲರದೂ ಪೆಟ್ಟಿಗೆಯ ಜೊತೆಗೆ ಬಂದದ್ದೇ. ನನ್ನದೂ ಅದೇ.

ಈಗ ವರ್ಚುಯಲ್ ಮೆಷಿನ್ ವಿಚಾರಕ್ಕೆ ಬರೋಣ. “ಒಂದೇ ಪೆಟ್ಟಿಗೆ, ಒಂದೇ ವಿಂಡೋಸ್ ಕೊಂಡಿದ್ದೇನೆ, ಅದರ ಒಳಗೆ ಇನ್ನೊಂದು ವಿಂಡೋಸ್ ಹಾಕಿಕೊಂಡರೆ ಯಾರಿಗೇನು ನಷ್ಟ?” ಎಂದು ಕೇಳಬಹುದು. ವಿಂಡೋಸ್ 10 ಮತ್ತು 11ರ ಕರಾರಿನಲ್ಲಿ ಇದಕ್ಕೆ ನೇರವಾದ ಉತ್ತರವಿದೆ. ಒಂದು ಅಪ್ಪಣೆಗೆ ಒಂದು ಗಣಕ. ಆ ಗಣಕ ನಿಜವಾದದ್ದಾಗಿರಲಿ, ವರ್ಚುಯಲ್ ಆಗಿರಲಿ, ಲೆಕ್ಕಕ್ಕೆ ಒಂದೇ. ಒಳಗೆ ಇನ್ನೊಂದು ಹೂಡಿದರೆ ಅದಕ್ಕೆ ಇನ್ನೊಂದು ಅಪ್ಪಣೆ ಬೇಕು. ಅಷ್ಟೇ ಅಲ್ಲ, ಒಂದು ಹೊತ್ತಿಗೆ ಒಬ್ಬರೇ ಬಳಸಬೇಕು ಎಂದೂ ಬರೆದಿದ್ದಾರೆ.

ಕಂಪನಿಯವರು ಹೀಗೇಕೆ ಮಾಡುತ್ತಾರೆ? ಅವರ ಕಡೆಯ ಮಾತನ್ನೂ ಕೇಳಬೇಕು. ವರ್ಚುಯಲ್ ಮೆಷಿನ್ ಎಂಬುದು ಡಿಸ್ಕಿನ ಮೇಲೆ ಕೆಲವು ದೊಡ್ಡ ಕಡತಗಳಷ್ಟೇ. ಅವನ್ನು ನಕಲು ಮಾಡಿದರೆ ಎರಡು ಗಣಕ, ಹತ್ತು ಸಲ ನಕಲು ಮಾಡಿದರೆ ಹನ್ನೊಂದು ಗಣಕ. ನಿಜವಾದ ಪೆಟ್ಟಿಗೆಗಳನ್ನಾದರೆ ಕೊಂಡು ತರಬೇಕು, ಅವಕ್ಕೆ ಲೆಕ್ಕ ಸಿಗುತ್ತದೆ. ಈ ಒಳಪೆಟ್ಟಿಗೆಗಳಿಗೆ ಕಾಗದದ ಮೇಲಿನ ಮಾತೊಂದೇ ಲೆಕ್ಕ. ಆದ್ದರಿಂದ ಎಣಿಕೆಯನ್ನು ಕರಾರಿನಲ್ಲೇ ಬರೆದಿಡುತ್ತಾರೆ. ಇದರಲ್ಲಿ ನ್ಯಾಯವಿಲ್ಲ ಎನ್ನಲಾರೆ. ಆದರೆ ಈ ಎಣಿಕೆ ಕಂಪನಿಯಿಂದ ಕಂಪನಿಗೆ, ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಗಿದೆ ಎಂದು ನೋಡಿದರೆ, ಇದು ಯಂತ್ರದ ಧರ್ಮವಲ್ಲ, ಮಾರುವವರ ಮರ್ಜಿ ಎಂಬುದೂ ತಿಳಿಯುತ್ತದೆ.

ಒಂದೆರಡು ಉದಾಹರಣೆ ಕೊಡುತ್ತೇನೆ. 2007ರ ಆರಂಭದಲ್ಲಿ ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ ವಿಸ್ಟಾ ತಂದಿತು. ಅದರಲ್ಲಿ ಮನೆಬಳಕೆಯ ಅಗ್ಗದ ಆವೃತ್ತಿಗಳನ್ನು ವರ್ಚುಯಲ್ ಮೆಷಿನ್ನಿನೊಳಗೆ ಹಾಕಲೇಬಾರದು, ಬೆಲೆ ಹೆಚ್ಚಿನ ಆವೃತ್ತಿಗಳನ್ನು ಹಾಕಬಹುದು ಎಂದು ಕರಾರು ಮಾಡಿತು. ಆ ಅಗ್ಗದ ಆವೃತ್ತಿಗೆ ಒಳಗೆ ನಡೆಯುವ ಶಕ್ತಿ ಇರಲಿಲ್ಲವೆಂದಲ್ಲ, ಚೆನ್ನಾಗಿಯೇ ನಡೆಯುತ್ತಿತ್ತು. ಕಾಗದ ಬೇಡವೆನ್ನುತ್ತಿತ್ತು. ಒಂದು ವರ್ಷ ಕಳೆದು 2008ರ ಜನವರಿಯಲ್ಲಿ ಅದೇ ಕಂಪನಿ ಆ ನಿಷೇಧವನ್ನು ತೆಗೆದುಹಾಕಿತು. ಯಂತ್ರ ಅದೇ, ತಂತ್ರಾಂಶ ಅದೇ, ಕರಾರಿನ ಸಾಲು ಮಾತ್ರ ಬೇರೆ.

ಮರುವರ್ಷ, 2009ರಲ್ಲಿ, ವಿಂಡೋಸ್ 7 ಬಂತು. ಹಳೆಯ ತಂತ್ರಾಂಶ ಇಟ್ಟುಕೊಂಡವರ ಕಷ್ಟ ಕಂಪನಿಗೂ ಗೊತ್ತಿತ್ತು. ಆದ್ದರಿಂದ ‘ಎಕ್ಸ್‌ಪಿ ಮೋಡ್’ ಎಂಬ ಹೆಸರಿನಲ್ಲಿ, ಅಪ್ಪಣೆಯ ಸಮೇತ, ಒಂದು ವರ್ಚುಯಲ್ ಎಕ್ಸ್‌ಪಿಯನ್ನು ಬಿಟ್ಟಿಯಾಗಿ ಕೊಟ್ಟಿತು. ನಮ್ಮ ಮೇಷ್ಟರಿಗೆ ಬೇಕಾಗಿದ್ದದ್ದು ಇದೇ. ಆದರೆ ಅದು ಪ್ರೊಫೆಷನಲ್ ಮತ್ತು ಅದಕ್ಕಿಂತ ಮೇಲಿನ ಆವೃತ್ತಿಗಳಿಗೆ ಮಾತ್ರ, ಮನೆಯ ಆವೃತ್ತಿಗೆ ಇಲ್ಲ. ವಿಂಡೋಸ್ 8ರಿಂದ ಆಚೆಗೆ ಯಾರಿಗೂ ಇಲ್ಲ. 2014ರ ಏಪ್ರಿಲ್ 8ಕ್ಕೆ ಎಕ್ಸ್‌ಪಿಯ ಆರೈಕೆ ನಿಂತಿತು. 2020ರ ಜನವರಿ 14ಕ್ಕೆ ವಿಂಡೋಸ್ 7ರದೂ ನಿಂತಿತು.

ಆ್ಯಪಲ್ ಕಂಪನಿಯದು ಇನ್ನೊಂದು ರೀತಿ. 2011ರವರೆಗೂ ಅದರ ಸಾಮಾನ್ಯ ಮ್ಯಾಕ್ ವ್ಯವಸ್ಥೆಯನ್ನು ವರ್ಚುಯಲ್ ಮೆಷಿನ್ನಿನಲ್ಲಿ ಹಾಕಲು ಅಪ್ಪಣೆಯೇ ಇರಲಿಲ್ಲ. ಆ ವರ್ಷ ಬಂದ ‘ಲಯನ್’ ಆವೃತ್ತಿಯಿಂದ ಎರಡಕ್ಕೆ ಅಪ್ಪಣೆ ಸಿಕ್ಕಿತು. ಅದೂ ಆ್ಯಪಲ್ಲಿನ ಸ್ವಂತ ಗಣಕದ ಮೇಲೆ ಮಾತ್ರ, ತಂತ್ರಾಂಶ ತಯಾರಿಕೆ, ಪರೀಕ್ಷೆ, ಸ್ವಂತ ಬಳಕೆಯಂಥ ಕೆಲವು ಉದ್ದೇಶಗಳಿಗೆ ಮಾತ್ರ. ಆ್ಯಪಲ್ ತಾನೇ ತಯಾರಿಸುವ ಚಿಪ್ಪಿನ ಹೊಸ ಗಣಕಗಳಲ್ಲಿ ಆ ವ್ಯವಸ್ಥೆಯೇ ಎಣಿಸುತ್ತದೆ. ಮೂರನೆಯ ಮ್ಯಾಕನ್ನು ಒಳಗೆ ಹಚ್ಚಲು ಹೋದರೆ ಹತ್ತುವುದಿಲ್ಲ.

ದೊಡ್ಡ ಕಚೇರಿಗಳ ಸರ್ವರ್ ಗಣಕಗಳಲ್ಲೂ ಇದೇ ಎಣಿಕೆ. 2012ರ ಆವೃತ್ತಿಯಿಂದ ವಿಂಡೋಸ್ ಸರ್ವರ್ ಸ್ಟ್ಯಾಂಡರ್ಡ್‌ನ ಒಂದು ಪೂರ್ಣ ಅಪ್ಪಣೆಗೆ ಒಳಗೆ ಎರಡು ವರ್ಚುಯಲ್ ಮೆಷಿನ್. ಮೂರನೆಯದು ಬೇಕಾದರೆ ಮತ್ತೆ ಅಪ್ಪಣೆ ಕೊಳ್ಳಬೇಕು. ಬೆಲೆ ಹೆಚ್ಚಿನ ಡೇಟಾಸೆಂಟರ್ ಆವೃತ್ತಿಗೆ ಮಾತ್ರ ಎಣಿಕೆಯಿಲ್ಲ. ಒಟ್ಟಿನಲ್ಲಿ ದುಡ್ಡಿದ್ದವನಿಗೆ ಬಾಗಿಲು ಅಗಲ.

ಇದನ್ನೆಲ್ಲ ಮೇಷ್ಟರಿಗೆ ಹೇಳುತ್ತಾ ಹೋದೆ. ಅವರು ಕೇಳಿಸಿಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: “ಅಲ್ಲಪ್ಪ, ಪದ ನಮ್ಮಮ್ಮಂದು. ಬರೆದವನು ನಾನು. ಟೈಪು ಮಾಡಿದ್ದಕ್ಕೆ ದುಡ್ಡು ಕೊಟ್ಟವನು ನಾನು. ಈಗ ಅದನ್ನ ಓದೋದಕ್ಕೆ ಇನ್ನೊಬ್ಬರ ಅಪ್ಪಣೆ ಏಕೆ ಬೇಕು?”

ಪದ ಅವರದೇ, ಸಂಶಯವಿಲ್ಲ. ಆದರೆ ಪದವನ್ನು ಇಟ್ಟ ಪೆಟ್ಟಿಗೆಯ ಬೀಗದ ಕೈ ಅವರದಾಗಿರಲಿಲ್ಲ. 2003ರಲ್ಲಿ ಇಡುವಾಗ ಅದನ್ನು ಯಾರೂ ಅವರಿಗೆ ಹೇಳಿರಲಿಲ್ಲ.

“ಯಾರು ನೋಡ್ತಾರೆ ಮಾವ, ಈ ಊರಲ್ಲಿ? ಹಾಕಿಬಿಡೋಣ” ಎನ್ನುವವರೂ ಇದ್ದಾರೆ. ಕಾನೂನು ಏನು ಹೇಳುತ್ತದೆ ಎಂಬುದನ್ನು ತಿಳಿದಿರುವುದು ಒಳ್ಳೆಯದು. ನಮ್ಮ ದೇಶದ ಹಕ್ಕುಸ್ವಾಮ್ಯ ಕಾಯ್ದೆ 1957ರದು. ಅದು ಗಣಕದ ಪ್ರೋಗ್ರಾಮನ್ನು ಸಾಹಿತ್ಯ ಕೃತಿಗಳ ಸಾಲಿನಲ್ಲಿ ಇಟ್ಟಿದೆ. ಅಂದರೆ ಮೇಷ್ಟರ ಪುಸ್ತಕಕ್ಕೂ ಎಕ್ಸ್‌ಪಿಗೂ ರಕ್ಷಣೆ ಕೊಡುವುದು ಒಂದೇ ಕಾಯ್ದೆ. ಮಾರಾಟ ನಿಂತ ಮಾತ್ರಕ್ಕೆ, ಆರೈಕೆ ನಿಂತ ಮಾತ್ರಕ್ಕೆ ಹಕ್ಕು ಮುಗಿಯುವುದಿಲ್ಲ. 1994ರ ತಿದ್ದುಪಡಿಯಲ್ಲಿ 63-ಬಿ ಎಂಬ ಕಲಮು ಸೇರಿತು. ಕಳ್ಳಪ್ರತಿ ಎಂದು ಗೊತ್ತಿದ್ದೂ ಗಣಕದಲ್ಲಿ ಬಳಸಿದವರಿಗೆ ಏಳು ದಿನಕ್ಕೆ ಕಡಿಮೆಯಿಲ್ಲದೆ ಮೂರು ವರ್ಷದವರೆಗೆ ಸಜೆ, 50,000 ರೂಪಾಯಿಗೆ ಕಡಿಮೆಯಿಲ್ಲದೆ 2 ಲಕ್ಷದವರೆಗೆ ದಂಡ. ಲಾಭಕ್ಕಾಗಿ, ವ್ಯಾಪಾರಕ್ಕಾಗಿ ಬಳಸಿದ್ದಲ್ಲವೆಂದು ಕಂಡರೆ ನ್ಯಾಯಾಲಯ ಸಜೆಯನ್ನು ಬಿಟ್ಟು 50,000 ರೂಪಾಯಿವರೆಗಿನ ದಂಡಕ್ಕೆ ನಿಲ್ಲಿಸಬಹುದು. ನನ್ನದು ಅಂಗಡಿ. ವ್ಯಾಪಾರವಲ್ಲವೆಂದು ನಾನು ಹೇಳಲಾರೆ.

ಅದೇ ಕಾಯ್ದೆ ಬಳಸುವವನಿಗೂ ಒಂದಿಷ್ಟು ಕೊಟ್ಟಿದೆ. 52ನೆಯ ಕಲಮಿನ ಪ್ರಕಾರ, ನ್ಯಾಯವಾಗಿ ಪಡೆದ ಪ್ರೋಗ್ರಾಮಿಗೆ, ಕಳೆದುಹೋದೀತು, ಹಾಳಾದೀತು ಎಂಬ ಭಯಕ್ಕೆ, ಕಾಪು ಪ್ರತಿ ತೆಗೆದಿಟ್ಟುಕೊಳ್ಳಬಹುದು. ಆದರೆ ಕಾಪಾಡಲು ಪ್ರತಿ ತೆಗೆದಿಡುವುದು ಬೇರೆ, ಆ ಪ್ರತಿಯನ್ನು ಇನ್ನೊಂದು ಗಣಕದಲ್ಲಿ ನಡೆಸುವುದು ಬೇರೆ.

ಇದೇ ಹೊತ್ತಿಗೆ ಇನ್ನೊಂದು ಪ್ರಕರಣವೂ ನನ್ನ ಮುಂದೆ ಬಂತು. ಪಕ್ಕದ ಹಳ್ಳಿಯ ಹುಡುಗನೊಬ್ಬ ಮಕ್ಕಳಿಗೆ ಗಣಕ ಕಲಿಸುವ ತರಬೇತಿ ಕೇಂದ್ರ ಮಾಡಬೇಕೆಂದಿದ್ದ. ಹತ್ತು ಗಣಕ ಕೊಳ್ಳುವ ಶಕ್ತಿ ಇಲ್ಲ. ಒಂದು ಬಲವಾದ ಗಣಕ ಕೊಂಡು, ಅದರೊಳಗೆ ಹತ್ತು ವರ್ಚುಯಲ್ ಮೆಷಿನ್ ಹೂಡಿ, ಹತ್ತು ಮಕ್ಕಳ ಮುಂದೆ ಹತ್ತು ಹಳೆಯ ಪರದೆ ಇಟ್ಟರೆ ಸಾಕೆಂದು ಅವನ ಲೆಕ್ಕ. ತಾಂತ್ರಿಕವಾಗಿ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ವಿಂಡೋಸ್ ಹಾಕುವುದಾದರೆ ಒಂದು ಅಪ್ಪಣೆಯಲ್ಲಿ ಹತ್ತು ನಡೆಯುವುದಿಲ್ಲ, ಪ್ರತಿಯೊಂದಕ್ಕೂ ಬೇರೆ ಬೇಕು. ಕಬ್ಬಿಣದಲ್ಲಿ ಉಳಿಸಿದ ದುಡ್ಡು ಕಾಗದಕ್ಕೆ ಹೋಗುತ್ತದೆ. ಇದನ್ನು ಕೇಳಿ ಹುಡುಗನ ಮುಖ ಬಾಡಿತು. “ಹಾಗಾದ್ರೆ ನಮ್ಮಂಥವರು ಕಲಿಸೋದೇ ಬೇಡವಾ ಅಣ್ಣ?” ಎಂದ.

ಬೇಕು. ಅದಕ್ಕೆ ದಾರಿಯೂ ಇದೆ.

ಲಿನಕ್ಸ್ ಎಂಬ ಹೆಸರನ್ನು ಮೊದಲೇ ಹೇಳಿದೆ. ಫಿನ್‌ಲೆಂಡಿನ ಲೀನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ 1991ರಲ್ಲಿ ಇದನ್ನು ಆರಂಭಿಸಿದರು. ಇದಕ್ಕೂ ಕರಾರು ಇದೆ, ಜಿಪಿಎಲ್ ಎಂದು ಹೆಸರು. ಆದರೆ ಆ ಕರಾರಿನ ಗುಣವೇ ಬೇರೆ. ಎಷ್ಟು ಗಣಕಕ್ಕಾದರೂ ಹಾಕಿಕೊಳ್ಳಿ, ಎಷ್ಟು ವರ್ಚುಯಲ್ ಮೆಷಿನ್ನಿಗಾದರೂ ಹಾಕಿಕೊಳ್ಳಿ, ನಕಲು ಮಾಡಿ ಹಂಚಿ, ಒಳಗಿನದನ್ನು ತಿದ್ದಿ. ತಿದ್ದಿ ಹಂಚುವುದಾದರೆ ಪಡೆದವರಿಗೂ ಅದೇ ಸ್ವಾತಂತ್ರ್ಯ ಕೊಡಿ. ಇಷ್ಟೇ ಷರತ್ತು. ಹತ್ತು ಮಕ್ಕಳಿಗೆ ಹತ್ತು ಹೂಡಿದರೂ ಎಣಿಸುವವರಿಲ್ಲ.

ಇದು ದೂರದ ಮಾತಲ್ಲ. ನಮ್ಮ ದೇಶದ ಸಿ-ಡ್ಯಾಕ್ ಸಂಸ್ಥೆ ಲಿನಕ್ಸ್ ಆಧಾರದ ಮೇಲೆ ‘ಬಾಸ್’ ಎಂಬ ವ್ಯವಸ್ಥೆಯನ್ನು ತಯಾರಿಸಿದೆ. ಭಾರತದ ಭಾಷೆಗಳಲ್ಲಿ ಕೆಲಸ ಮಾಡಲೆಂದೇ ಆದದ್ದು, ಕನ್ನಡವೂ ಅದರಲ್ಲಿದೆ. ತಮಿಳುನಾಡು ಸರ್ಕಾರ 2011ರಿಂದ ವಿದ್ಯಾರ್ಥಿಗಳಿಗೆ ಬಿಟ್ಟಿ ಲ್ಯಾಪ್‌ಟಾಪ್ ಹಂಚಿದಾಗ ವಿಂಡೋಸಿನ ಜೊತೆಗೆ ಬಾಸ್ ಲಿನಕ್ಸನ್ನೂ ಹಾಕಿಕೊಟ್ಟಿತು. ನಮ್ಮ ಕಡೆಯ ಮನೆಗಳಲ್ಲೂ ಆ ಲ್ಯಾಪ್‌ಟಾಪ್ ಪಡೆದ ಮಕ್ಕಳಿದ್ದಾರೆ. ಹಚ್ಚುವಾಗ ಎರಡು ಹೆಸರು ಬರುತ್ತಿದ್ದವು, ಎಲ್ಲರೂ ಗೊತ್ತಿದ್ದ ಹೆಸರನ್ನೇ ಒತ್ತಿದೆವು. ನಮ್ಮಂತೆಯೇ ಗಡಿಯಾಚೆ ಉಳಿದ ಕನ್ನಡಿಗರು ಕಾಸರಗೋಡಿನಲ್ಲಿದ್ದಾರಲ್ಲ, ಅಲ್ಲಿ ಕೇರಳ ಸರ್ಕಾರದ ಶಾಲೆಗಳಲ್ಲಿ ಗಣಕ ಶಿಕ್ಷಣ ನಡೆಯುವುದೇ ಲಿನಕ್ಸಿನ ಮೇಲೆ. ಮೊದಲು ‘ಐಟಿ@ಸ್ಕೂಲ್’ ಎಂದಿದ್ದ ಯೋಜನೆ 2017ರಿಂದ ‘ಕೈಟ್’ ಎಂಬ ಸರ್ಕಾರಿ ಸಂಸ್ಥೆಯಾಗಿದೆ. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ಶಾಲೆಯ ವ್ಯವಸ್ಥೆಯನ್ನೇ ಮೇಷ್ಟರು ಮನೆಯ ಗಣಕಕ್ಕೂ ಹಾಕಿಕೊಂಡರೆ ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ.

ಸರಿ, ಸೀಡಿ ಏನಾಯಿತು ಎಂದು ನೀವು ಕೇಳುತ್ತಿದ್ದೀರಿ.

ನಾವು ಹೂಡಿಟ್ಟ ಖಾಲಿ ವರ್ಚುಯಲ್ ಮೆಷಿನ್ ಹಾಗೇ ಇತ್ತಲ್ಲ, ಅದರೊಳಗೆ ಎಕ್ಸ್‌ಪಿಯ ಬದಲು ಲಿನಕ್ಸ್ ಹಾಕಿದೆವು. ಹಳೆಯ ಸೀಡಿಗಳಲ್ಲಿ ಆ ಕಾಲದ ವೈರಸ್ಸುಗಳು ಅಡಗಿರುವುದುಂಟು. ಗೋಡೆಯಾಚೆಯ ಕೋಣೆಯಲ್ಲಿ ತೆರೆದರೆ ಅಂಗಡಿಯ ಕೆಲಸಕ್ಕೆ ತೊಂದರೆಯಿಲ್ಲವೆಂದು ಹಾಗೆ ಮಾಡಿದ್ದು. ಲಿಬ್ರೆ ಆಫೀಸ್ ಎಂಬ ಮುಕ್ತ ತಂತ್ರಾಂಶವಿದೆ. 2015ರಲ್ಲಿ ಬಂದ ಅದರ 4.4ನೆಯ ಆವೃತ್ತಿಯಿಂದ ಪೇಜ್‌ಮೇಕರ್ ಕಡತಗಳನ್ನು ಓದುವ ವ್ಯವಸ್ಥೆ ಅದರಲ್ಲಿದೆ. ಹಳೆಯ ಕಡತಗಳು ಮಣ್ಣುಪಾಲಾಗಬಾರದೆಂದು ಎಲ್ಲೆಲ್ಲಿಯೋ ಕೂತ ಸ್ವಯಂಸೇವಕರು ಕಡತದ ಒಳರಚನೆಯನ್ನು ಒಂದೊಂದಾಗಿ ಬಿಡಿಸಿ ಮಾಡಿದ ಕೆಲಸ ಅದು.

ಕಡತ ತೆರೆಯಿತು. ಪರದೆಯ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು, ಚುಕ್ಕಿಗಳು, ಕೊಂಬುಗಳು. ಮೇಷ್ಟರ ಮುಖ ಸಪ್ಪಗಾಯಿತು. ಇದು ಹೀಗಾಗುವುದಕ್ಕೆ ಕಾರಣವಿದೆ. ಯೂನಿಕೋಡ್ ಎಂಬ ಜಗತ್ತಿನ ಅಕ್ಷರಪಟ್ಟಿಯಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ಸಿಕ್ಕಿದ್ದರೂ ಪೇಜ್‌ಮೇಕರಿಗೆ ಅದು ಗೊತ್ತಿರಲಿಲ್ಲ. ಆದ್ದರಿಂದ ನುಡಿ, ಬರಹ, ಶ್ರೀಲಿಪಿ ಮುಂತಾದ ಆ ಕಾಲದ ಕನ್ನಡ ತಂತ್ರಾಂಶಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿ ಕೆಲಸ ನಡೆಸಿದವು. ಆಯಾ ಫಾಂಟ್ ಇದ್ದರೆ ಮಾತ್ರ ಅದು ಕನ್ನಡವಾಗಿ ಕಾಣುತ್ತದೆ. ಮೇಷ್ಟರ ಕಡತ ನುಡಿಯದು. ಕನ್ನಡ ಗಣಕ ಪರಿಷತ್ತು ರೂಪಿಸಿ, ಉಚಿತವಾಗಿ ಹಂಚಿದ ತಂತ್ರಾಂಶ ಅದು. ಆ ಫಾಂಟನ್ನು ತಂದು ಕೂರಿಸಿದೆವು.

ಆಗ ಪದ ಕಂಡಿತು. ಮೇಷ್ಟರು ಕನ್ನಡಕ ಒರೆಸಿಕೊಂಡು ಮೊದಲ ಸಾಲು ಓದಿದರು, ಎರಡನೆಯ ಸಾಲನ್ನು ಓದದೆ ಹಾಡಿದರು.

ಎಲ್ಲವೂ ಸಲೀಸಾಗಲಿಲ್ಲ. ಪುಟದ ಅಂದ ಚದುರಿತ್ತು, ಕೆಲವು ಒತ್ತಕ್ಷರ ಪಲ್ಲಟವಾಗಿದ್ದವು. ಸೀಡಿಯ ಒಂದು ಕಡೆ ಗೀರು ಬಿದ್ದು ಎರಡು ಕಡತ ಬರಲೇ ಇಲ್ಲ. ಆ ಎರಡರಲ್ಲಿದ್ದ ಪದಗಳು ಯಾವುವೆಂದು ಮೇಷ್ಟರಿಗೂ ನೆನಪಿಲ್ಲ. ಉಳಿದದ್ದನ್ನು ಯೂನಿಕೋಡಿಗೆ ಪರಿವರ್ತಿಸಿ, ಮೊಮ್ಮಗಳು ಒಂದೊಂದು ಸಾಲನ್ನೂ ತಾತನಿಗೆ ಓದಿ ಹೇಳಿ ತಿದ್ದಿದಳು. ಒಂದು ಪ್ರತಿ ಪೆನ್ ಡ್ರೈವಿನಲ್ಲಿ, ಒಂದು ಮಗಳ ಮನೆಯಲ್ಲಿ, ಒಂದು ಕಾಗದದ ಮೇಲೆ ಮುದ್ರಿಸಿ ಮೇಷ್ಟರ ಟ್ರಂಕಿನಲ್ಲಿ ಇದೆ. ತರಬೇತಿ ಕೇಂದ್ರದ ಹುಡುಗನೂ ಲಿನಕ್ಸಿನ ಮೇಲೆಯೇ ಆರಂಭಿಸಿದ್ದಾನೆ. ಸದ್ಯಕ್ಕೆ ನಾಲ್ಕು ಪರದೆ.

ಶ್ರೋತೃಗಳೇ, ನಿಮ್ಮ ಮನೆಯಲ್ಲೂ ಇಂಥ ಸೀಡಿ, ಫ್ಲಾಪಿ, ಕೆಟ್ಟ ಗಣಕ ಇರಬಹುದು. ಸಂಘದ ಲೆಕ್ಕ, ಮಠದ ದಾಖಲೆ, ಜಾತ್ರೆಯ ಕರಪತ್ರ, ಅಜ್ಜ ಬರೆದ ವಂಶಾವಳಿ ಅದರಲ್ಲಿ ಇರಬಹುದು. ಹಾಗಿದ್ದರೆ ಕೆಲವು ಮಾತು ನೆನಪಿಡಿ.

ಮೊದಲನೆಯದು, ಎಕ್ಸ್‌ಪಿ ಚೀಟಿ ಅಂಟಿದ ಹಳೆಯ ಗಣಕವನ್ನು ಗುಜರಿಗೆ ಹಾಕುವ ಮುಂಚೆ ರಿಪೇರಿಗೆ ತೋರಿಸಿ. ಅದರೊಳಗಿನ ಅಪ್ಪಣೆ ಆ ಪೆಟ್ಟಿಗೆಗೆ ಮಾತ್ರ. ಪೆಟ್ಟಿಗೆ ಹಚ್ಚಿದರೆ ನ್ಯಾಯವಾಗಿಯೇ ಹಳೆಯ ಕಡತ ತೆರೆಯಬಹುದು. ಆದರೆ ಅದಕ್ಕೆ ಇಂಟರ್‌ನೆಟ್ ಸಂಪರ್ಕ ಕೊಡಬೇಡಿ, ಅದರ ಆರೈಕೆ ನಿಂತು ಬಹಳ ಕಾಲವಾಯಿತು.

ಎರಡನೆಯದು, ವರ್ಚುಯಲ್ ಮೆಷಿನ್ ಹೂಡುವ ತಂತ್ರಾಂಶದ ಕರಾರು ಒಂದು, ಅದರೊಳಗೆ ಹಾಕುವ ವ್ಯವಸ್ಥೆಯ ಕರಾರು ಇನ್ನೊಂದು. ಹೊರಗಿನದು ಬಿಟ್ಟಿ ಎಂದ ಮಾತ್ರಕ್ಕೆ ಒಳಗಿನದೂ ಬಿಟ್ಟಿಯಲ್ಲ. ವರ್ಚುಯಲ್‌ಬಾಕ್ಸಿನಲ್ಲೇ ಮೂಲ ತಂತ್ರಾಂಶ ಮುಕ್ತ. ಅದರ ಜೊತೆಗೆ ಸೇರಿಸಿಕೊಳ್ಳುವ ‘ಎಕ್ಸ್‌ಟೆನ್ಷನ್ ಪ್ಯಾಕ್’ ಎಂಬ ಭಾಗಕ್ಕೆ ವ್ಯಾಪಾರದ ಬಳಕೆಯಾದರೆ ದುಡ್ಡು ಕಟ್ಟಬೇಕು.

ಮೂರನೆಯದು, ಒಳಗೆ ಹಾಕುವುದು ವಿಂಡೋಸ್ ಆದರೆ, ಅದೂ ಒಂದು ಗಣಕವೆಂದೇ ಲೆಕ್ಕಹಾಕಿ ಅದಕ್ಕೆ ಬೇರೆ ಅಪ್ಪಣೆ ಇದೆಯೇ ನೋಡಿಕೊಳ್ಳಿ. ಇಲ್ಲವಾದರೆ ಲಿನಕ್ಸ್ ಸಾಕಾಗುತ್ತದೆಯೇ ಎಂದು ಮೊದಲು ಪ್ರಯತ್ನಿಸಿ. ಅನೇಕ ಸಲ ಸಾಕಾಗುತ್ತದೆ.

ಕಡೆಯದು, ಹೊಸದಾಗಿ ಏನೇ ಟೈಪು ಮಾಡಿಸಿದರೂ ಯೂನಿಕೋಡಿನಲ್ಲಿ ಮಾಡಿಸಿ. ಸೀಡಿಯ ಜೊತೆಗೆ ಯಾವ ಬೀಗದ ಕೈ ಬೇಕು ಎಂದು ಡಿಟಿಪಿಯವರನ್ನು ಆ ಹೊತ್ತಿಗೇ ಕೇಳಿ.

ನಮ್ಮ ಹಿರಿಯರು ರಾಗಿಯನ್ನು ಹಗೇವಿನಲ್ಲಿ ಹಾಕಿಡುತ್ತಿದ್ದರು. ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಬರ ಬಂದಾಗ ತೆಗೆದು ಉಂಡರು. ಹಗೇವಿನ ಬಾಯಿ ಎಲ್ಲಿದೆ ಎಂಬುದು ಮನೆಯವರಿಗೆ ಗೊತ್ತಿರುತ್ತಿತ್ತು, ತೆರೆಯಲು ಯಾರನ್ನೂ ಕೇಳಬೇಕಾಗಿರಲಿಲ್ಲ. ನಮ್ಮ ಮಾತನ್ನೂ ಹಾಗೆ ಇಡುವುದು ನಮ್ಮ ಕೈಯಲ್ಲೇ ಇದೆ.